ಹೊಸ ಕಂಟ್ರೋಲರ್ ಹಳೆಯ ಗೇಮ್‌ಗೆ ಒಗ್ಗದಿದ್ದಾಗ

ಪ್ರಶ್ನೆ: ವಿಂಡೋಸ್ 11 ಇರುವ ಕಂಪ್ಯೂಟರ್‌ನಲ್ಲಿ ಹೊಸ ಎಕ್ಸ್‌ಬಾಕ್ಸ್ ಕಂಟ್ರೋಲರ್ ಬಳಸುತ್ತಿದ್ದೇನೆ. ಈಚಿನ ಗೇಮ್‌ಗಳೆಲ್ಲ ಚೆನ್ನಾಗಿ ನಡೆಯುತ್ತವೆ. ಆದರೆ 2003ರ ಸುಮಾರಿನ ಕಾರ್ ರೇಸ್ ಗೇಮ್‌ನಲ್ಲಿ ಎರಡೂ ಟ್ರಿಗರ್ ಒಟ್ಟಿಗೆ ಒತ್ತಿದರೆ ಆಕ್ಸಿಲರೇಟರೂ ಇಲ್ಲ, ಬ್ರೇಕೂ ಇಲ್ಲ. ಡಿ-ಪ್ಯಾಡ್ ಕೂಡ ಕೆಲಸ ಮಾಡುವುದಿಲ್ಲ. ಅದೇ ಗೇಮ್‌ಗೆ ಪ್ಲೇಸ್ಟೇಷನ್ ಕಂಟ್ರೋಲರ್ ಹಾಕಿದರೆ ಕ್ಯಾಮೆರಾ ನಿಲ್ಲದೆ ಸುತ್ತುತ್ತದೆ. 1999ರ ಇನ್ನೊಂದು ಗೇಮ್‌ಗೆ ಕಂಟ್ರೋಲರ್ ಕಾಣಿಸುವುದೇ ಇಲ್ಲ. ಹಳೆಯ ಡಾಸ್ ಗೇಮ್‌ಗಳನ್ನು ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಆಡುವ ವಿಮಾನದ ಗೇಮ್‌ನಲ್ಲಿ ಸ್ಟಿಕ್ ಮುಟ್ಟದಿದ್ದರೂ ವಿಮಾನ ಎಡಕ್ಕೆ ವಾಲುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಎರಡು ಕಂಟ್ರೋಲರ್‌ಗಳಲ್ಲಿ ಯಾವುದೂ ಕೆಟ್ಟಿಲ್ಲ. ನೀವು ಹೇಳಿದ ಒಂದೊಂದು ತೊಂದರೆಗೂ ಒಂದೊಂದು ಬೇರೆ ಕಾರಣವಿದೆ, ಎಲ್ಲಕ್ಕೂ ಪರಿಹಾರವೂ ಇದೆ. ಆದರೆ ಸಿಕ್ಕಸಿಕ್ಕ ಸಾಫ್ಟ್‌ವೇರ್‌ಗಳನ್ನು ಒಂದರ ಮೇಲೊಂದು ಹಾಕಿಕೊಂಡರೆ ಗಂಟು ಇನ್ನಷ್ಟು ಬಿಗಿಯಾಗುತ್ತದೆ. ಮೊದಲು ಗೇಮ್ ಕಂಟ್ರೋಲರ್ ಅನ್ನು ಯಾವ ದಾರಿಯಲ್ಲಿ ಹುಡುಕುತ್ತಿದೆ ಎಂದು ತಿಳಿಯಬೇಕು. ಅದು ತಿಳಿದರೆ ಕಂಟ್ರೋಲರ್‌ಗೂ ಗೇಮ್‌ಗೂ ನಡುವೆ ಸೇತುವೆಯಾಗುವ ಒಂದು ಸಾಫ್ಟ್‌ವೇರ್ ಸಾಕಾಗುತ್ತದೆ.

ದಾರಿಗಳು ನಾಲ್ಕು. ಡಾಸ್ ಕಾಲದ ಗೇಮ್‌ಗಳು 15 ಪಿನ್ನಿನ ಗೇಮ್ ಪೋರ್ಟ್ ಅನ್ನು ನೇರವಾಗಿ ಓದುತ್ತಿದ್ದವು. ವಿಂಡೋಸ್ 95ರ ಕಾಲದ ಹಲವು ಗೇಮ್‌ಗಳು ವಿಂಡೋಸಿನ ಮಲ್ಟಿಮೀಡಿಯಾ ಲೈಬ್ರರಿಯನ್ನು, ಅಂದರೆ ವಿನ್‌ಎಂಎಂ ಅನ್ನು, ಕೇಳುತ್ತಿದ್ದವು. ಅದರಲ್ಲಿ ಹೆಚ್ಚೆಂದರೆ 6 ಅಕ್ಷ (ಸ್ಟಿಕ್ ಅಥವಾ ಟ್ರಿಗರ್ ಎಷ್ಟು ಸರಿದಿದೆ ಎಂದು ಅಳೆಯುವ ಒಂದೊಂದು ದಿಕ್ಕು), 32 ಬಟನ್. ಆಮೇಲೆ ಬಂದದ್ದು ಡೈರೆಕ್ಟ್‌ಇನ್‌ಪುಟ್. 2000ದಲ್ಲಿ ಡೈರೆಕ್ಟ್‌ಎಕ್ಸ್ 8ರ ಜೊತೆ ಬಂದ ಅದರ 8ನೇ ಆವೃತ್ತಿಯೇ ಕೊನೆಯದು. ಅದು 8 ಅಕ್ಷ, 128 ಬಟನ್‌ವರೆಗೂ ಓದುತ್ತದೆ. ಕೊನೆಗೆ 2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆಗೆ ಎಕ್ಸ್‌ಇನ್‌ಪುಟ್ ಬಂತು. ಡೈರೆಕ್ಟ್‌ಇನ್‌ಪುಟ್‌ಗೆ ಯಾವ ಆಕಾರದ ಸಾಧನವಾದರೂ ಸರಿ. ಎಕ್ಸ್‌ಇನ್‌ಪುಟ್‌ಗೆ ಗೊತ್ತಿರುವುದು ಒಂದೇ ಅಚ್ಚಿನ ಗೇಮ್‌ಪ್ಯಾಡ್: ಎರಡು ಸ್ಟಿಕ್, ಎರಡು ಟ್ರಿಗರ್, ಒಂದು ಡಿ-ಪ್ಯಾಡ್, ಹತ್ತು ಬಟನ್. ಒಮ್ಮೆಗೆ ನಾಲ್ಕೇ ಕಂಟ್ರೋಲರ್.

ನಿಮ್ಮ ಎಕ್ಸ್‌ಬಾಕ್ಸ್ ಕಂಟ್ರೋಲರ್ ಹುಟ್ಟಿದ್ದು ನಾಲ್ಕನೆಯ ದಾರಿಗೆ. ಹಳೆಯ ದಾರಿಗಳಿಗೂ ಅದು ಕಾಣಿಸುತ್ತದೆ, ಆದರೆ ಅರೆಬರೆಯಾಗಿ. ಪ್ಲೇಸ್ಟೇಷನ್ ಕಂಟ್ರೋಲರ್ ಇದಕ್ಕೆ ತಿರುಗುಮುರುಗು: ವಿಂಡೋಸ್‌ನಲ್ಲಿ ಅದು ಡೈರೆಕ್ಟ್‌ಇನ್‌ಪುಟ್ ಸಾಧನವಾಗಿ ಕಾಣಿಸುತ್ತದೆ, ಎಕ್ಸ್‌ಇನ್‌ಪುಟ್‌ಗೆ ಕಾಣಿಸುವುದಿಲ್ಲ.

ಮೊದಲು ಪರೀಕ್ಷೆ

ಕಂಟ್ರೋಲರ್ ಅನ್ನು ಕೇಬಲ್‌ನಿಂದಲೇ ಜೋಡಿಸಿ. ಬ್ಲೂಟೂತ್ ಎಲ್ಲವೂ ಸರಿಹೋದ ಮೇಲೆ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಜೆ, ಒ, ವೈ, ಒಂದು ಚುಕ್ಕಿ, ಸಿ, ಪಿ, ಎಲ್ ಎಂದು ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಗೇಮ್ ಕಂಟ್ರೋಲರ್ಸ್ ಎಂಬ ಪುಟ್ಟ ಕಿಟಕಿ ತೆರೆಯುತ್ತದೆ. ವಿಂಡೋಸ್ 11ರಲ್ಲೂ ಇದು ಹಳೆಯ ರೂಪದಲ್ಲೇ ಉಳಿದಿದೆ, ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಪಟ್ಟಿಯಲ್ಲಿ ಕಂಟ್ರೋಲರ್ ಆರಿಸಿ ಪ್ರಾಪರ್ಟೀಸ್ ಒತ್ತಿದರೆ ಪರೀಕ್ಷೆಯ ಪುಟ ಬರುತ್ತದೆ. ಹಳೆಯ ಗೇಮ್‌ಗೆ ಕಂಟ್ರೋಲರ್ ಹೇಗೆ ಕಾಣುತ್ತದೋ ಇಲ್ಲಿಯೂ ಹಾಗೇ ಕಾಣುತ್ತದೆ.

ಎಕ್ಸ್‌ಬಾಕ್ಸ್ ಕಂಟ್ರೋಲರ್‌ನ ಎಡ ಟ್ರಿಗರ್ ನಿಧಾನವಾಗಿ ಒತ್ತಿ ನೋಡಿ. ಜ಼ೆಡ್ ಅಕ್ಷದ ಪಟ್ಟಿ ನಡುವಿನಿಂದ ಒಂದು ಕಡೆಗೆ ಸರಿಯುತ್ತದೆ. ಬಲ ಟ್ರಿಗರ್ ಒತ್ತಿದರೆ ಅದೇ ಪಟ್ಟಿ ಇನ್ನೊಂದು ಕಡೆಗೆ. ಎರಡನ್ನೂ ಪೂರ್ತಿ ಒತ್ತಿ ಹಿಡಿದರೆ ಪಟ್ಟಿ ನಡುವಿಗೇ ಬಂದು ನಿಲ್ಲುತ್ತದೆ, ಏನೂ ಒತ್ತದಾಗ ಇದ್ದ ಜಾಗಕ್ಕೆ. ನಿಮ್ಮ ರೇಸ್ ಗೇಮ್‌ನ ತೊಂದರೆ ಇಷ್ಟೇ: ಎರಡು ಟ್ರಿಗರ್‌ಗೆ ಒಂದೇ ಅಕ್ಷ, ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ. ಮೈಕ್ರೋಸಾಫ್ಟ್ ಇದನ್ನು ಬೇಕೆಂದೇ ಮಾಡಿತು. ಯಾರೂ ಮುಟ್ಟದಿರುವಾಗ ಪ್ರತಿ ಅಕ್ಷವೂ ನಡುವಿನಲ್ಲಿರುತ್ತದೆ ಎಂದು ಹಳೆಯ ಗೇಮ್‌ಗಳು ನಂಬಿಕೊಂಡಿದ್ದವು. ಟ್ರಿಗರ್ ಹಾಗಲ್ಲ, ಬಿಟ್ಟಾಗ ಅದು ಒಂದು ತುದಿಯಲ್ಲಿರುತ್ತದೆ. ಎರಡನ್ನು ಸೇರಿಸಿ ಒಂದೇ ಅಕ್ಷ ಮಾಡಿದ್ದರಿಂದ ಆ ನಂಬಿಕೆ ಉಳಿಯಿತು, ಬದಲಿಗೆ ಎರಡನ್ನೂ ಒಟ್ಟಿಗೆ ಬಳಸುವುದು ಹೋಯಿತು. ಕಂಪನವೂ ಈ ದಾರಿಯಲ್ಲಿ ಬರುವುದಿಲ್ಲ.

ಈಗ ಪ್ಲೇಸ್ಟೇಷನ್ ಕಂಟ್ರೋಲರ್ ಹಾಕಿ ಅದೇ ಪುಟ ನೋಡಿ. ಅದರ ಎಲ್2, ಆರ್2 ಟ್ರಿಗರ್‌ಗಳಿಗೆ ಎಕ್ಸ್ ರೊಟೇಷನ್, ವೈ ರೊಟೇಷನ್ ಎಂಬ ಬೇರೆಬೇರೆ ಅಕ್ಷಗಳಿವೆ. ಏನೂ ಒತ್ತದಿದ್ದಾಗ ಎರಡೂ ಪಟ್ಟಿಗಳು ಖಾಲಿ, ಅಂದರೆ ಕನಿಷ್ಠ ಬೆಲೆಯಲ್ಲಿವೆ. ನಿಮ್ಮ ರೇಸ್ ಗೇಮ್ ಆ ಅಕ್ಷಗಳನ್ನು ಬಲ ಸ್ಟಿಕ್ ಎಂದು ತಿಳಿದಿದೆ. ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಲ್ಲಿ ಅದೇ ಅಕ್ಷಗಳಲ್ಲಿ ನಿಜವಾಗಿಯೂ ಬಲ ಸ್ಟಿಕ್ ಇರುತ್ತದೆ. ಕನಿಷ್ಠ ಬೆಲೆ ಎಂದರೆ ಸ್ಟಿಕ್ ಅನ್ನು ಯಾರೋ ಒಂದು ಮೂಲೆಗೆ ಪೂರ್ತಿ ತಳ್ಳಿ ಹಿಡಿದಿದ್ದಾರೆ ಎಂದು ಅದು ಓದುತ್ತದೆ. ಕ್ಯಾಮೆರಾ ಸುತ್ತುವುದು ಅದಕ್ಕೇ.

ಪ್ಲೇಸ್ಟೇಷನ್ ಕಂಟ್ರೋಲರ್‌ನಲ್ಲಿ ಇನ್ನೊಂದು ಸಿಕ್ಕಿದೆ. ಎಲ್2 ಒತ್ತಿದಾಗ ಅಕ್ಷವೂ ಸರಿಯುತ್ತದೆ, 7ನೇ ಬಟನ್ ಕೂಡ ಹೊತ್ತಿಕೊಳ್ಳುತ್ತದೆ; ಆರ್2ಗೆ 8ನೇ ಬಟನ್. ಗೇಮ್‌ನ ಕಂಟ್ರೋಲ್ ಪುಟದಲ್ಲಿ ಆಕ್ಸಿಲರೇಟರ್ ಹೊಂದಿಸಲು ಟ್ರಿಗರ್ ಒತ್ತಿದರೆ ಅದು ಎರಡರಲ್ಲಿ ಯಾವುದನ್ನು ಹಿಡಿಯುತ್ತದೋ ಹೇಳಲಾಗದು. ಬಟನ್ ಹಿಡಿದರೆ ಆಕ್ಸಿಲರೇಟರ್ ಪೂರ್ತಿ ಅಥವಾ ಸೊನ್ನೆ, ನಡುವೆ ಏನೂ ಇಲ್ಲ. ಕೆಲವು ಗೇಮ್‌ಗಳಲ್ಲಿ ನೀವು ಏನನ್ನೂ ಒತ್ತುವ ಮೊದಲೇ ಆ ಪುಟ ಟ್ರಿಗರ್ ಅಕ್ಷವನ್ನು ಹಿಡಿದುಕೊಂಡುಬಿಡುತ್ತದೆ. ಆಗ ಎರಡೂ ಟ್ರಿಗರ್ ಅರ್ಧಕ್ಕೆ ಒತ್ತಿ ಹಿಡಿದುಕೊಂಡು ಬೇಕಾದ ಬಟನ್ ಒತ್ತಿ. ಅರ್ಧಕ್ಕೆ ಒತ್ತಿದರೆ ಅಕ್ಷ ನಡುವಿಗೆ ಬರುತ್ತದೆ, ಗೇಮ್ ಸುಮ್ಮನಿರುತ್ತದೆ.

ಪರೀಕ್ಷೆಯ ಪುಟದಲ್ಲಿ ಸ್ಟಿಕ್‌ನ ಅಡ್ಡಗೆರೆ ನಡುವಿನಲ್ಲಿ ಇಲ್ಲದಿದ್ದರೆ ಪಕ್ಕದ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ, ಕ್ಯಾಲಿಬ್ರೇಟ್ ಮಾಡುವ (ಸ್ಟಿಕ್‌ನ ನಡು, ತುದಿಗಳನ್ನು ಹೊಸದಾಗಿ ಗುರುತಿಸುವ) ಮೊದಲು ರಿಸೆಟ್ ಟು ಡಿಫಾಲ್ಟ್ ಒತ್ತಿ ನೋಡಿ. ಎಂದೋ ಅವಸರದಲ್ಲಿ ಮಾಡಿದ ತಪ್ಪು ಕ್ಯಾಲಿಬ್ರೇಷನ್ ವಿಂಡೋಸ್ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಉಳಿದಿರುತ್ತದೆ. ಅದು ಡೈರೆಕ್ಟ್‌ಇನ್‌ಪುಟ್ ಗೇಮ್‌ಗಳನ್ನು ಮಾತ್ರ ಕೆಡಿಸುತ್ತದೆ, ಎಕ್ಸ್‌ಇನ್‌ಪುಟ್ ಗೇಮ್‌ಗಳನ್ನು ಮುಟ್ಟುವುದಿಲ್ಲ. ಹೊಸ ಗೇಮ್‌ನಲ್ಲಿ ಸರಿಯಿದ್ದು ಹಳೆಯದರಲ್ಲಿ ಮಾತ್ರ ಸ್ಟಿಕ್ ವಾಲಿದರೆ ಮೊದಲ ಅನುಮಾನ ಇದರ ಮೇಲಿರಲಿ.

ಯಾವ ಗೇಮ್, ಯಾವ ದಾರಿ

ಬಿಡುಗಡೆಯ ವರ್ಷ ಅರ್ಧ ಉತ್ತರ ಹೇಳುತ್ತದೆ. ಕಂಟ್ರೋಲ್ ಪುಟದಲ್ಲಿ "ಬಟನ್ 1", "ಬಟನ್ 2", "ಜಾಯ್ 3" ಎಂದು ತೋರಿಸಿದರೆ ಅದು ಡೈರೆಕ್ಟ್‌ಇನ್‌ಪುಟ್ ಅಥವಾ ವಿನ್‌ಎಂಎಂ. ಎ, ಬಿ, ಎಕ್ಸ್, ವೈ ಚಿತ್ರಗಳು ಬಂದರೆ ಎಕ್ಸ್‌ಇನ್‌ಪುಟ್.

ಇನ್ನೂ ಖಚಿತವಾಗಬೇಕಿದ್ದರೆ ಗೇಮ್‌ನ ಮುಖ್ಯ ಎಕ್ಸ್‌ಇ ಫೈಲ್‌ನ, ಅಂದರೆ ಗೇಮ್ ಅನ್ನು ಓಡಿಸುವ ಫೈಲ್‌ನ, ಒಂದು ಪ್ರತಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ತೆರೆದು, ಸೇವ್ ಮಾಡದೆ, ಒಳಗೆ ಹುಡುಕಿ. ಡಿಇನ್‌ಪುಟ್8.ಡಿಎಲ್‌ಎಲ್ ಹೆಸರು ಸಿಕ್ಕರೆ ಡೈರೆಕ್ಟ್‌ಇನ್‌ಪುಟ್ 8. ಕೊನೆಯ ಎಂಟು ಇಲ್ಲದೆ ಡಿಇನ್‌ಪುಟ್.ಡಿಎಲ್‌ಎಲ್ ಎಂದಿದ್ದರೆ 7 ಅಥವಾ ಅದಕ್ಕೂ ಹಳೆಯದು. ಜಾಯ್‌ಗೆಟ್‌ಪಾಸ್‌ಇಎಕ್ಸ್ ಎಂಬ ಪದ ಸಿಕ್ಕರೆ ವಿನ್‌ಎಂಎಂ. ಎರಡು ಎಚ್ಚರಿಕೆ: ಬಹಳಷ್ಟು ಗೇಮ್‌ಗಳು ಕೀಬೋರ್ಡ್ ಮತ್ತು ಮೌಸ್‌ಗಾಗಿ ಮಾತ್ರ ಡೈರೆಕ್ಟ್‌ಇನ್‌ಪುಟ್ ಬಳಸುತ್ತವೆ, ಆದ್ದರಿಂದ ಹೆಸರು ಸಿಕ್ಕಿತೆಂದ ಮಾತ್ರಕ್ಕೆ ಗೇಮ್‌ಪ್ಯಾಡ್ ಬೆಂಬಲ ಇದೆ ಎಂದಲ್ಲ. ಇನ್ನು ಕಾಪಿ ತಡೆಗಾಗಿ ಮುದುಡಿಟ್ಟ ಎಕ್ಸ್‌ಇ ಆಗಿದ್ದರೆ ಯಾವ ಹೆಸರೂ ಸಿಗದಿರಬಹುದು.

ಸೇತುವೆ ಕಟ್ಟುವ ಮುನ್ನ ಎರಡು ಸಂಗತಿ ನೋಡಿಕೊಳ್ಳಿ. ಒಂದು, ನಿಮ್ಮ ಗೇಮ್‌ಗೆ ಹೊಸ ಎಂಜಿನ್ ಇದೆಯೇ? 1993ರ ಡೂಮ್‌ಗೆ ಜಿಝಡ್‌ಡೂಮ್, ಮೊದಲ ಡಯಾಬ್ಲೋಗೆ ಡೆವಿಲ್ಯೂಷನ್‌ಎಕ್ಸ್, ಹಳೆಯ ಸಾಹಸ ಗೇಮ್‌ಗಳಿಗೆ ಸ್ಕಮ್‌ವಿಎಂ ಇವೆ. ಇವು ಇಂದಿನ ಗೇಮ್‌ಪ್ಯಾಡ್‌ಗಳನ್ನು ನೇರವಾಗಿ ಅರಿಯುತ್ತವೆ. ಇಂಥದ್ದೊಂದು ಇದ್ದರೆ ಮುಂದಿನ ಯಾವ ತೊಡಕೂ ಬೇಡ. ಗೇಮ್‌ಗೆಂದೇ ಮಾಡಿದ ತಿದ್ದುಪಡಿಗಳೂ ಇರುತ್ತವೆ. ಜಿಟಿಎ ಸ್ಯಾನ್ ಆಂಡ್ರಿಯಾಸ್‌ನ ಹಳೆಯ ಪಿಸಿ ಆವೃತ್ತಿಗೆ ಜಿಇನ್‌ಪುಟ್ ಹಾಕಿದರೆ ಎಕ್ಸ್‌ಇನ್‌ಪುಟ್ ಪೂರ್ತಿಯಾಗಿ ಬರುತ್ತದೆ. ಎರಡು, ಕಂಟ್ರೋಲರ್‌ಗೇ ದಾರಿ ಬದಲಿಸುವ ಗುಂಡಿ ಇದೆಯೇ? ಲಾಜಿಟೆಕ್ ಎಫ್310ರಲ್ಲಿ ಎಕ್ಸ್ ಮತ್ತು ಡಿ ಎಂಬ ಪುಟ್ಟ ಸ್ವಿಚ್ ಇದೆ. ಡಿ ಕಡೆಗೆ ತಳ್ಳಿದರೆ ಅದು ಹಳೆಯ ಡೈರೆಕ್ಟ್‌ಇನ್‌ಪುಟ್ ಪ್ಯಾಡ್ ಆಗುತ್ತದೆ, ಮೋಡ್ ಬಟನ್ ಒತ್ತಿದರೆ ಡಿ-ಪ್ಯಾಡ್ ಮತ್ತು ಎಡ ಸ್ಟಿಕ್ ಅದಲುಬದಲಾಗುತ್ತವೆ. 8ಬಿಟ್‌ಡೂ ಎಸ್‌ಎನ್30 ಪ್ರೋದಲ್ಲಿ ಸ್ಟಾರ್ಟ್ ಜೊತೆ ಎಕ್ಸ್ ಹಿಡಿದು ಆನ್ ಮಾಡಿದರೆ ಎಕ್ಸ್‌ಇನ್‌ಪುಟ್, ಬಿ ಹಿಡಿದರೆ ಡೈರೆಕ್ಟ್‌ಇನ್‌ಪುಟ್. ಹಳೆಯ ಗೇಮ್‌ಗಳನ್ನೇ ಹೆಚ್ಚು ಆಡುವವರಿಗೆ ಇಂಥ ಸ್ವಿಚ್ ಇರುವ ಪ್ಯಾಡ್ ನಿಜಕ್ಕೂ ದೊಡ್ಡ ಅನುಕೂಲ.

ರೇಸ್ ಗೇಮ್: ಟ್ರಿಗರ್ ಬಿಡಿಸುವುದು, ಡಿ-ಪ್ಯಾಡ್ ಎಬ್ಬಿಸುವುದು

ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗೆ ನಾನು ಮೊದಲು ಹೇಳುವ ಹೆಸರು ಕ್ಸಿಡಿ. ಎಕ್ಸ್, ಐ, ಡಿ, ಐ ಎಂದು ಬರೆಯುತ್ತಾರೆ. ಇದು ಉಚಿತ. ಇದೊಂದು ಡಿಎಲ್‌ಎಲ್, ಅಂದರೆ ಗೇಮ್ ಓಡುವಾಗ ಸೇರಿಸಿಕೊಳ್ಳುವ ಸಹಾಯಕ ಫೈಲ್. ಗೇಮ್ ಡೈರೆಕ್ಟ್‌ಇನ್‌ಪುಟ್ ಅಥವಾ ವಿನ್‌ಎಂಎಂ ಕೇಳಿದಾಗ ಇದು ಉತ್ತರಿಸುತ್ತದೆ, ಹಿಂದಿನಿಂದ ಕಂಟ್ರೋಲರ್ ಅನ್ನು ಎಕ್ಸ್‌ಇನ್‌ಪುಟ್‌ನಲ್ಲಿ ಓದುತ್ತದೆ. ಎಕ್ಸ್‌ಇನ್‌ಪುಟ್‌ನಲ್ಲಿ ಎರಡು ಟ್ರಿಗರ್‌ಗೂ 0ಯಿಂದ 255ರವರೆಗೆ ಬೇರೆಬೇರೆ ಬೆಲೆ ಇರುವುದರಿಂದ ಮೇಲಿನ ಅಳಿಸಾಟ ಇಲ್ಲಿ ಹುಟ್ಟುವುದೇ ಇಲ್ಲ.

ಹಾಕುವ ಬಗೆ ಹೀಗೆ. ಗೇಮ್‌ನ ಶಾರ್ಟ್‌ಕಟ್ ಮೇಲೆ ಬಲ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಷನ್ ಆರಿಸಿ. ನಿಜವಾಗಿ ಓಡುವ ಎಕ್ಸ್‌ಇ ಎಲ್ಲಿದೆ ಎಂಬುದು ಮುಖ್ಯ. ಕೆಲವು ಗೇಮ್‌ಗಳಲ್ಲಿ ಮೇಲಿನ ಫೋಲ್ಡರ್‌ನಲ್ಲಿ ಲಾಂಚರ್ ಇರುತ್ತದೆ, ಗೇಮ್ ಒಳಗಿನ ಸಿಸ್ಟಮ್ ಅಥವಾ ಬಿನ್ ಫೋಲ್ಡರ್‌ನಲ್ಲಿ ಇರುತ್ತದೆ. ಗೇಮ್ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ನೋಡಿದರೆ ಯಾವ ಎಕ್ಸ್‌ಇ ಎಂದು ತಿಳಿಯುತ್ತದೆ, ಪ್ಲಾಟ್‌ಫಾರ್ಮ್ ಕಾಲಂ ಸೇರಿಸಿಕೊಂಡರೆ 32 ಬಿಟ್ಟೋ 64 ಬಿಟ್ಟೋ ಎಂಬುದೂ ತಿಳಿಯುತ್ತದೆ. ಆ ಕಾಲದ ವಿಂಡೋಸ್ ಗೇಮ್‌ಗಳು ಹೆಚ್ಚುಕಡಿಮೆ ಎಲ್ಲವೂ 32 ಬಿಟ್. ಕ್ಸಿಡಿಯ 32 ಬಿಟ್ ಫೋಲ್ಡರ್‌ನಿಂದ ಗೇಮ್‌ಗೆ ಬೇಕಾದ ಡಿಎಲ್‌ಎಲ್ ಮಾತ್ರ ತೆಗೆದುಕೊಳ್ಳಿ: ಡೈರೆಕ್ಟ್‌ಇನ್‌ಪುಟ್ 8ಕ್ಕೆ ಡಿಇನ್‌ಪುಟ್8, ಹಳೆಯದಕ್ಕೆ ಡಿಇನ್‌ಪುಟ್, ವಿನ್‌ಎಂಎಂಗೆ ವಿನ್‌ಎಂಎಂ. ಜೊತೆಯಲ್ಲಿ ಕ್ಸಿಡಿ ಹೆಸರಿನದೇ ಡಿಎಲ್‌ಎಲ್ ಇದ್ದರೆ ಅದನ್ನೂ ತೆಗೆದುಕೊಂಡು ಎಕ್ಸ್‌ಇ ಪಕ್ಕದಲ್ಲೇ ಇಡಿ. ವಿಂಡೋಸಿನ ಸಿಸ್ಟಮ್32 ಫೋಲ್ಡರ್‌ಗೆ ಮಾತ್ರ ಎಂದೂ ಹಾಕಬೇಡಿ, ಅಲ್ಲಿರುವ ಅದೇ ಹೆಸರಿನ ಮೂಲ ಫೈಲ್‌ಗಳನ್ನು ಇಡೀ ಕಂಪ್ಯೂಟರ್ ಬಳಸುತ್ತದೆ.

ಗೇಮ್ ತೆರೆಯುವಾಗಲೇ 0xಸಿ000007ಬಿ ಎಂಬ ದೋಷ ಬಂದರೆ 32 ಬಿಟ್ ಗೇಮ್‌ಗೆ 64 ಬಿಟ್ ಡಿಎಲ್‌ಎಲ್ ಹಾಕಿದ್ದೀರಿ ಎಂದು ಅರ್ಥ. ದೋಷವೂ ಇಲ್ಲ, ಬದಲಾವಣೆಯೂ ಇಲ್ಲ ಎಂದರೆ ಬೇರೆ ಹೆಸರಿನ ಡಿಎಲ್‌ಎಲ್ ಹಾಕಿದ್ದೀರಿ ಅಥವಾ ಬೇರೆ ಫೋಲ್ಡರ್‌ನಲ್ಲಿಟ್ಟಿದ್ದೀರಿ.

ಇನ್ನು ಮ್ಯಾಪರ್, ಅಂದರೆ ಕಂಟ್ರೋಲರ್‌ನ ಯಾವ ಭಾಗ ಗೇಮ್‌ಗೆ ಏನಾಗಿ ಕಾಣಬೇಕು ಎಂಬ ವಿನ್ಯಾಸ. ಸೆಟ್ಟಿಂಗ್ ಫೈಲ್ ಇಲ್ಲದಿದ್ದರೆ ಕ್ಸಿಡಿ ಸ್ಟ್ಯಾಂಡರ್ಡ್‌ಗೇಮ್‌ಪ್ಯಾಡ್ ಎಂಬ ವಿನ್ಯಾಸ ಬಳಸುತ್ತದೆ. ಅದರಲ್ಲಿ ಟ್ರಿಗರ್‌ಗಳು ಬರೀ ಬಟನ್, ಒಟ್ಟು 12 ಬಟನ್. ಕಾರ್ ರೇಸ್‌ಗೆ ನಿಮಗೆ ಬೇಕಾದದ್ದು ಎಕ್ಸ್‌ಟೆಂಡೆಡ್‌ಗೇಮ್‌ಪ್ಯಾಡ್. ಅದು ಎರಡು ಟ್ರಿಗರ್‌ಗೂ ಎರಡು ಬೇರೆ ಅಕ್ಷ ಕೊಡುತ್ತದೆ. ಎಕ್ಸ್‌ಇ ಪಕ್ಕದಲ್ಲಿ ಕ್ಸಿಡಿ.ಐಎನ್‌ಐ ಎಂಬ ಪಠ್ಯ ಫೈಲ್ ಮಾಡಿ, ಮೊದಲ ಸಾಲಿನಲ್ಲಿ ಚೌಕ ಆವರಣದೊಳಗೆ ಮ್ಯಾಪರ್ ಎಂದೂ ಎರಡನೆಯ ಸಾಲಿನಲ್ಲಿ ಟೈಪ್ = ಎಕ್ಸ್‌ಟೆಂಡೆಡ್‌ಗೇಮ್‌ಪ್ಯಾಡ್ ಎಂದೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಆಯಿತು. ಆಮೇಲೆ ಗೇಮ್‌ನೊಳಗೆ ಎಲ್ಲ ಕಂಟ್ರೋಲ್‌ಗಳನ್ನು ಹೊಸದಾಗಿ ಹೊಂದಿಸಿ. ಹಳೆಯ ಹೊಂದಾಣಿಕೆ ಹಳೆಯ ಅಕ್ಷಗಳನ್ನೇ ನೆನಪಿಟ್ಟುಕೊಂಡಿರುತ್ತದೆ. ಎಲ್ಲ ಸರಿ ಮಾಡಿದ ಮೇಲೂ ಏಕೆ ಹೀಗೆ ಎಂದು ಹಲವರು ತಡಕಾಡುವುದು ಇಲ್ಲಿಯೇ.

ಎರಡು ಟ್ರಿಗರ್‌ಗೆ ಎರಡು ಅಕ್ಷ ಓದುವ ಶಕ್ತಿಯೇ ಗೇಮ್‌ಗೆ ಇಲ್ಲದಿರಬಹುದು. 90ರ ದಶಕದ ಕೆಲವು ರೇಸ್ ಗೇಮ್‌ಗಳು ವೇಗ ಮತ್ತು ಬ್ರೇಕ್ ಎರಡನ್ನೂ ಒಂದೇ ಅಕ್ಷದಲ್ಲಿ ಮಾತ್ರ ಓದುತ್ತವೆ. ಅಂಥದ್ದಕ್ಕೆ ಸ್ಟ್ಯಾಂಡರ್ಡ್‌ಗೇಮ್‌ಪ್ಯಾಡ್‌ನಲ್ಲಿ ಟ್ರಿಗರ್‌ಗಳನ್ನು ಬಟನ್ ಆಗಿ ಬಳಸುವುದೇ ವಾಸಿ.

ಡಿ-ಪ್ಯಾಡ್ ಸತ್ತಂತಿರುವುದಕ್ಕೆ ಕಾರಣ ಬೇರೆ. ವಿಂಡೋಸ್ ಡಿ-ಪ್ಯಾಡ್ ಅನ್ನು ಪಿಒವಿ ಹ್ಯಾಟ್ ಎಂದು ಕಾಣುತ್ತದೆ. ಅದು ಮೂಲದಲ್ಲಿ ವಿಮಾನದ ಜಾಯ್‌ಸ್ಟಿಕ್ ತುದಿಯಲ್ಲಿ, ಕಾಕ್‌ಪಿಟ್‌ನಿಂದ ಅತ್ತಿತ್ತ ನೋಡಲು ಇದ್ದ ಗುಂಡಿ. ದಿಕ್ಕನ್ನು ಅದು ಕೋನವಾಗಿ ಹೇಳುತ್ತದೆ. ಹಳೆಯ ಗೇಮ್‌ಪ್ಯಾಡ್‌ಗಳ ಡಿ-ಪ್ಯಾಡ್ ಮಾತ್ರ ಎಕ್ಸ್ ಮತ್ತು ವೈ ಅಕ್ಷಗಳನ್ನೇ ತುದಿಯಿಂದ ತುದಿಗೆ ತಳ್ಳುತ್ತಿತ್ತು. ಆ ಗೇಮ್‌ಗಳು ಹುಡುಕುವುದು ಅಕ್ಷವನ್ನು, ಹ್ಯಾಟ್ ಕಡೆ ತಿರುಗಿಯೂ ನೋಡುವುದಿಲ್ಲ. ಕ್ಸಿಡಿಯಲ್ಲಿ ಡಿಜಿಟಲ್‌ಗೇಮ್‌ಪ್ಯಾಡ್ ಎಂಬ ವಿನ್ಯಾಸ ಇದಕ್ಕಾಗಿಯೇ ಇದೆ. ಪಕ್ಕದಿಂದ ಕಾಣುವ ಓಡು-ಜಿಗಿ ಗೇಮ್‌ಗಳಿಗೆ, ಹೊಡೆದಾಟದ ಗೇಮ್‌ಗಳಿಗೆ ಅದನ್ನೇ ಇಡಿ. ರೇಸ್ ಗೇಮ್‌ಗೆ ಅದು ಬೇಡ. ಸ್ಟೀರಿಂಗ್‌ನ ನಯ ಹೋಗಿಬಿಡುತ್ತದೆ.

ಎಕ್ಸ್360ಸಿಇ ಎಂಬ ಹೆಸರನ್ನೂ ನೀವು ಕೇಳಿರಬಹುದು. ಅದು ಹೋಗುವುದು ಎದುರು ದಿಕ್ಕಿಗೆ: ಹಳೆಯ ಡೈರೆಕ್ಟ್‌ಇನ್‌ಪುಟ್ ಪ್ಯಾಡ್ ಅನ್ನು ಎಕ್ಸ್‌ಇನ್‌ಪುಟ್ ಗೇಮ್‌ಗೆ ಕಾಣಿಸುತ್ತದೆ. ನಿಮ್ಮ ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಪ್ಲೇಸ್ಟೇಷನ್ ಕಂಟ್ರೋಲರ್‌ನಲ್ಲೇ ಆಡಬೇಕಿದ್ದರೆ

ಮೊದಲು ಗೇಮ್‌ನೊಳಗೇ ಆ ಎರಡು ಅಕ್ಷಗಳಿಗೆ ಹೊಂದಿಸಿರುವ ಕ್ಯಾಮೆರಾ ಚಲನೆಯನ್ನು ತೆಗೆದುಹಾಕಲು ನೋಡಿ. ಪ್ಲೇಸ್ಟೇಷನ್‌ನ ಬಲ ಸ್ಟಿಕ್ ಇರುವುದು ಜ಼ೆಡ್ ಮತ್ತು ಜ಼ೆಡ್ ರೊಟೇಷನ್ ಅಕ್ಷಗಳಲ್ಲಿ. ಕ್ಯಾಮೆರಾವನ್ನು ಅಲ್ಲಿಗೆ ವರ್ಗಾಯಿಸಿದರೆ ಕೆಲವು ಗೇಮ್‌ಗಳು ಅಷ್ಟಕ್ಕೇ ಸುಮ್ಮನಾಗುತ್ತವೆ. ಗೇಮ್ ಬದಲಾವಣೆಗೆ ಒಪ್ಪದಿದ್ದರೆ ಡಿಎಸ್4ವಿಂಡೋಸ್ ಬೇಕು. ಅದು ವೈಜೆಮ್ ಎಂಬ ವರ್ಚುವಲ್ ಬಸ್ ಡ್ರೈವರ್ ಬಳಸಿ ಒಂದು ಕಾಲ್ಪನಿಕ ಎಕ್ಸ್‌ಬಾಕ್ಸ್ 360 ಕಂಟ್ರೋಲರ್ ಹುಟ್ಟಿಸುತ್ತದೆ. ಆ ಡ್ರೈವರ್‌ನ ಅಭಿವೃದ್ಧಿ 2023ರಲ್ಲಿ ನಿಂತಿದೆ, ಆದರೂ ಕೊನೆಯ ಆವೃತ್ತಿ ಬಳಕೆಯಲ್ಲಿದೆ.

ಆಗ ಹೊಸ ತೊಂದರೆಯೊಂದು ಹುಟ್ಟುತ್ತದೆ: ಗೇಮ್‌ಗೆ ನಿಜವಾದ ಕಂಟ್ರೋಲರೂ ಕಾಣುತ್ತದೆ, ಕಾಲ್ಪನಿಕವೂ ಕಾಣುತ್ತದೆ. ಒಂದು ಸಲ ಒತ್ತಿದರೆ ಮೆನು ಎರಡು ಹೆಜ್ಜೆ ಜಿಗಿಯುತ್ತದೆ. ನಿಜವಾದದ್ದನ್ನು ಅಡಗಿಸಲು ಹಿಡ್‌ಹೈಡ್ ಎಂಬ ಡ್ರೈವರ್ ಹಾಕಿ ಕಂಪ್ಯೂಟರ್ ಮರುಚಾಲನೆ ಮಾಡಿ. ಅದರ ಅಪ್ಲಿಕೇಷನ್ಸ್ ಪುಟದಲ್ಲಿ ಡಿಎಸ್4ವಿಂಡೋಸ್‌ನ ಎಕ್ಸ್‌ಇ ಸೇರಿಸಿ, ಡಿವೈಸಸ್ ಪುಟದಲ್ಲಿ ಕಂಟ್ರೋಲರ್‌ಗೆ ಗುರುತು ಹಾಕಿ, ಅಡಗಿಸುವ ಆಯ್ಕೆ ಆನ್ ಮಾಡಿ, ಕೇಬಲ್ ಕಿತ್ತು ಮತ್ತೆ ಹಾಕಿ. ಅಪ್ಲಿಕೇಷನ್ ಸೇರಿಸುವುದನ್ನು ಮರೆತರೆ ಡಿಎಸ್4ವಿಂಡೋಸ್‌ಗೂ ಕಂಟ್ರೋಲರ್ ಕಾಣದಾಗುತ್ತದೆ. ಇಷ್ಟಾದ ಮೇಲೆ ಗೇಮ್‌ಗೆ ಇರುವುದು ಎಕ್ಸ್‌ಬಾಕ್ಸ್ ಕಂಟ್ರೋಲರ್ ಒಂದೇ. ಟ್ರಿಗರ್ ಅಳಿಸಾಟವೂ ಅದರ ಜೊತೆಗೇ ಬರುತ್ತದೆ, ಅದಕ್ಕೆ ಮೇಲಿನ ಕ್ಸಿಡಿಯೇ ಮದ್ದು. ಎರಡು ಕಂಟ್ರೋಲರ್ ಇರುವಾಗ ಈ ಗೇಮ್‌ಗೆ ಎಕ್ಸ್‌ಬಾಕ್ಸ್‌ನದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

1999ರ ಗೇಮ್‌ಗೆ ಕಾಣಿಸುವುದೇ ಇಲ್ಲ

ಗೇಮ್‌ನ ಆಪ್ಷನ್ಸ್‌ನಲ್ಲಿ ಜಾಯ್‌ಸ್ಟಿಕ್ ಎನೇಬಲ್ ಎಂಬ ಆಯ್ಕೆ ಆನ್ ಇದೆಯೇ ನೋಡಿ, ಆ ಕಾಲದ ಬಹಳಷ್ಟು ಗೇಮ್‌ಗಳಲ್ಲಿ ಅದು ಮೊದಲಿಗೆ ಆಫ್ ಇರುತ್ತಿತ್ತು. ಎರಡನೆಯದಾಗಿ, ಕಂಟ್ರೋಲರ್ ಎಚ್ಚರವಾಗಿರುವಾಗಲೇ ಗೇಮ್ ತೆರೆಯಬೇಕು. ಹಳೆಯ ಗೇಮ್‌ಗಳು ಶುರುವಿನಲ್ಲಿ ಒಮ್ಮೆ ಮಾತ್ರ ಸಾಧನಗಳನ್ನು ಎಣಿಸುತ್ತವೆ. ವೈರ್‌ಲೆಸ್ ಎಕ್ಸ್‌ಬಾಕ್ಸ್ ಕಂಟ್ರೋಲರ್ 15 ನಿಮಿಷ ಮುಟ್ಟದಿದ್ದರೆ ತಾನೇ ಆಫ್ ಆಗುತ್ತದೆ. ಮತ್ತೆ ಆನ್ ಮಾಡಿದರೂ ಗೇಮ್‌ಗೆ ಅದು ತಿಳಿಯುವುದಿಲ್ಲ.

ಇವೆರಡೂ ಸರಿಯಿದ್ದರೆ ಸರದಿಯ ಮೇಲೆ ಅನುಮಾನ ಪಡಿ. ವಿನ್‌ಎಂಎಂ ಪ್ರತಿ ಸಾಧನಕ್ಕೂ ಒಂದು ಸ್ಥಾನ ಕೊಡುತ್ತದೆ, ಅನೇಕ ಹಳೆಯ ಗೇಮ್‌ಗಳು ಮೊದಲ ಸ್ಥಾನವನ್ನಷ್ಟೇ ನೋಡುತ್ತವೆ. ಅಲ್ಲಿ ಬೇರೆ ಯಾವುದೋ ಕೂತಿದ್ದರೆ ನಿಮ್ಮ ಕಂಟ್ರೋಲರ್ ಇದ್ದೂ ಇಲ್ಲದಂತೆ. ಮೊದಲು ಹೇಳಿದ ಗೇಮ್ ಕಂಟ್ರೋಲರ್ಸ್ ಕಿಟಕಿಯಲ್ಲಿ ಅಡ್ವಾನ್ಸ್ಡ್ ಒತ್ತಿ. ಹಳೆಯ ಪ್ರೋಗ್ರಾಮ್‌ಗಳಿಗೆ ಯಾವ ಸಾಧನ ಎಂದು ಕೇಳುವ ಪಟ್ಟಿ ಬರುತ್ತದೆ. ಅಲ್ಲಿ ನಿಮ್ಮ ಕಂಟ್ರೋಲರ್ ಆರಿಸಿ ಓಕೆ ಮಾಡಿ. ಪಟ್ಟಿಯಲ್ಲಿ ನಿಮಗೆ ಪರಿಚಯವಿಲ್ಲದ ಹೆಸರುಗಳಿದ್ದರೆ ಅವು ಹಿಂದೆಂದೋ ಹಾಕಿದ ವಿಜಾಯ್‌ನಂಥ ವರ್ಚುವಲ್ ಸಾಧನಗಳಿರಬಹುದು; ಕೆಲವು ಕೀಬೋರ್ಡ್, ಮೌಸ್‌ಗಳೂ ತಮ್ಮನ್ನು ಗೇಮ್ ಕಂಟ್ರೋಲರ್ ಎಂದು ತೋರಿಸಿಕೊಳ್ಳುತ್ತವೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅವನ್ನು ಡಿಸೇಬಲ್ ಮಾಡಿ, ಬೇಡದ ಯುಎಸ್‌ಬಿ ಸಾಧನಗಳನ್ನು ತೆಗೆದು ನೋಡಿ.

ಆಗಲೂ ಕಾಣದಿದ್ದರೆ ಗೇಮ್‌ಗೆ ಗೇಮ್‌ಪ್ಯಾಡ್ ಬೆಂಬಲವೇ ಇಲ್ಲ ಎಂದು ತಿಳಿದು ಕೀಬೋರ್ಡ್ ದಾರಿ ಹಿಡಿಯಿರಿ: ಕಂಟ್ರೋಲರ್‌ನಲ್ಲಿ ಒತ್ತಿದ್ದನ್ನು ಕೀಬೋರ್ಡ್ ಕೀಗಳಾಗಿ ಬದಲಿಸುವ ಪ್ರೋಗ್ರಾಮ್ ಬಳಸಿ. ಆಂಟಿಮೈಕ್ರೋಎಕ್ಸ್ ಉಚಿತ, ಲಿನಕ್ಸ್‌ನಲ್ಲೂ ನಡೆಯುತ್ತದೆ. ಜಾಯ್‌ಟುಕೀ ಇನ್ನೂ ಸರಳ. ಸ್ಟೀಮ್ ಬಳಸುವವರು ಗೇಮ್ ಅನ್ನು ನಾನ್-ಸ್ಟೀಮ್ ಗೇಮ್ ಆಗಿ ಸೇರಿಸಿ ಸ್ಟೀಮ್ ಇನ್‌ಪುಟ್‌ನಲ್ಲಿ ಕೀಬೋರ್ಡ್-ಮೌಸ್ ವಿನ್ಯಾಸ ಆರಿಸಿಕೊಳ್ಳಬಹುದು. ಅದರಲ್ಲಿ ಗೇಮ್‌ಪ್ಯಾಡ್ ವಿನ್ಯಾಸಕ್ಕಿಂತ ಹಳೆಯ ಗೇಮ್‌ಗಳಿಗೆ ಇದೇ ನಂಬಿಗಸ್ತ. ಆದರೆ ಲಾಂಚರ್ ಒಂದು ಬೇರೆ ಎಕ್ಸ್‌ಇ ತೆರೆದು ತಾನು ಮುಚ್ಚಿಕೊಂಡರೆ ಸ್ಟೀಮ್‌ನ ಹಿಡಿತ ತಪ್ಪಬಹುದು, ಸೇರಿಸುವಾಗ ನಿಜವಾದ ಗೇಮ್ ಎಕ್ಸ್‌ಇಯನ್ನೇ ಕೊಡಿ.

ಈ ದಾರಿಯಲ್ಲಿ ಎಡವುವ ಜಾಗಗಳು ಮೂರು. ಡೆಸ್ಕ್‌ಟಾಪ್‌ನಲ್ಲಿ ಕೀ ಒತ್ತಿದ್ದು ಕಾಣುತ್ತದೆ, ಗೇಮ್‌ನಲ್ಲಿ ಕಾಣುವುದಿಲ್ಲ ಎಂದರೆ ಗೇಮ್ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿರಬಹುದು. ಕಡಿಮೆ ಅಧಿಕಾರದ ಪ್ರೋಗ್ರಾಮ್ ಹೆಚ್ಚಿನ ಅಧಿಕಾರದ್ದಕ್ಕೆ ಕೀ ಕಳಿಸಲು ವಿಂಡೋಸ್ ಬಿಡುವುದಿಲ್ಲ, ಆದ್ದರಿಂದ ಕೀ ಕಳಿಸುವ ಆ ಪ್ರೋಗ್ರಾಮನ್ನೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಯಾವುದಾದರೂ ಬಟನ್‌ಗೆ ಶಿಫ್ಟ್ ಹೊಂದಿಸಿದ್ದರೆ ಐದು ಸಲ ಒತ್ತಿದ ಕೂಡಲೇ ಸ್ಟಿಕಿ ಕೀಸ್ ಪೆಟ್ಟಿಗೆ ಎದ್ದು ಗೇಮ್ ಕೆಳಗಿಳಿಯುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಅದರ ಶಾರ್ಟ್‌ಕಟ್ ಮೊದಲೇ ಆಫ್ ಮಾಡಿ. ಮೂರನೆಯದು ಡೆಡ್‌ಝೋನ್. ಸ್ಟಿಕ್ ಅನ್ನು ಕೀಗಳಾಗಿ ಬದಲಿಸುವಾಗ ನಡುವಿನ ಸತ್ತ ಜಾಗ ಕಡಿಮೆಯಿದ್ದರೆ ಬಿಟ್ಟ ಸ್ಟಿಕ್ ಕೂಡ ಕೀ ಒತ್ತುತ್ತಲೇ ಇರುತ್ತದೆ. ಎಕ್ಸ್‌ಇನ್‌ಪುಟ್ ಗೇಮ್‌ಗಳಿಗೆ ಮೈಕ್ರೋಸಾಫ್ಟ್ ಸೂಚಿಸಿರುವ ಅಳತೆ 32767ರಲ್ಲಿ ಎಡ ಸ್ಟಿಕ್‌ಗೆ 7849, ಬಲಕ್ಕೆ 8689. ಅಂದರೆ ಸುಮಾರು ಕಾಲುಭಾಗ. ಈ ಪ್ರೋಗ್ರಾಮ್‌ಗಳಲ್ಲೂ ಅಲ್ಲಿಂದಲೇ ಶುರು ಮಾಡಿ.

ಡಾಸ್‌ಬಾಕ್ಸ್‌ನ ವಿಮಾನ ಏಕೆ ವಾಲುತ್ತದೆ

ಇದು ಈ ಎಲ್ಲದರಲ್ಲಿ ತುಂಬ ಸೊಗಸಾದ ಸಮಸ್ಯೆ. ಗೇಮ್ ಪೋರ್ಟ್‌ನಲ್ಲಿ ಸ್ಟಿಕ್‌ನ ಸ್ಥಾನ ಒಂದು ಸಂಖ್ಯೆಯಾಗಿ ಬರುತ್ತಿರಲಿಲ್ಲ. ಜಾಯ್‌ಸ್ಟಿಕ್‌ನೊಳಗೆ 0ಯಿಂದ 100 ಕಿಲೋಓಮ್‌ವರೆಗಿನ ಪೊಟೆನ್ಷಿಯೋಮೀಟರ್, ಅಂದರೆ ಸ್ಟಿಕ್ ಸರಿದಂತೆ ವಿದ್ಯುತ್ ರೋಧ ಬದಲಾಗುವ ಬಿಡಿಭಾಗ, ಇತ್ತು. ಗೇಮ್ 201 ಎಂಬ ಹೆಕ್ಸ್ ವಿಳಾಸದ ಪೋರ್ಟ್‌ಗೆ ಏನಾದರೂ ಬರೆದರೆ ಕಾರ್ಡ್‌ನ ಟೈಮರ್ ಶುರುವಾಗುತ್ತಿತ್ತು. ರೋಧ ಹೆಚ್ಚಿದಷ್ಟೂ ಅದು ನಿಲ್ಲಲು ಹೆಚ್ಚು ಹೊತ್ತು: ಸೊನ್ನೆ ಓಮ್‌ಗೆ ಸುಮಾರು 24 ಮೈಕ್ರೋಸೆಕೆಂಡ್, 100 ಕಿಲೋಓಮ್‌ಗೆ ಸುಮಾರು 1124. ಗೇಮ್ ಒಂದು ಲೂಪ್‌ನಲ್ಲಿ ನಿಂತು ಟೈಮರ್ ನಿಲ್ಲುವವರೆಗೆ ಎಣಿಸುತ್ತಿತ್ತು. ಆ ಎಣಿಕೆಯೇ ಸ್ಟಿಕ್‌ನ ಸ್ಥಾನ. ಅಂದರೆ ಸಿಪಿಯು ವೇಗ ಬದಲಾದರೆ ಅದೇ ಸ್ಥಾನಕ್ಕೆ ಬೇರೆ ಎಣಿಕೆ ಬರುತ್ತದೆ, ನಡು ನಡುವಾಗಿ ಉಳಿಯುವುದಿಲ್ಲ. ಡಾಸ್ ಗೇಮ್‌ಗಳು ಶುರುವಿನಲ್ಲೇ ಕ್ಯಾಲಿಬ್ರೇಟ್ ಮಾಡಿ ಎನ್ನುತ್ತಿದ್ದುದು ಇದಕ್ಕೇ.

ಡಾಸ್‌ಬಾಕ್ಸ್‌ನಲ್ಲಿ ಸಿಪಿಯು ವೇಗ ಗೊತ್ತುಮಾಡುವ ಸೈಕಲ್ಸ್ ಎಂಬ ಸೆಟ್ಟಿಂಗ್ ಆಟೋ ಅಥವಾ ಮ್ಯಾಕ್ಸ್ ಎಂದಿದ್ದರೆ ಆ ವೇಗ ಕ್ಷಣಕ್ಷಣಕ್ಕೂ ಏರಿಳಿಯಬಹುದು. ಕ್ಯಾಲಿಬ್ರೇಷನ್ ಪುಟದಲ್ಲಿ ಒಂದು ವೇಗ, ಹಾರಾಟದಲ್ಲಿ ಇನ್ನೊಂದು. ವಿಮಾನ ವಾಲುತ್ತದೆ.

ಡಾಸ್‌ಬಾಕ್ಸ್‌ನ ಕಾನ್ಫಿಗ್ (ಸೆಟ್ಟಿಂಗ್) ಫೈಲ್‌ನ ಜಾಯ್‌ಸ್ಟಿಕ್ ವಿಭಾಗಕ್ಕೆ ಹೋಗಿ ಟೈಮ್ಡ್ ಎಂಬ ಸಾಲನ್ನು ಫಾಲ್ಸ್ ಮಾಡಿ. ಆಗ ಡಾಸ್‌ಬಾಕ್ಸ್ ಸಮಯ ಅಳೆಯುವ ಬದಲು ಗೇಮ್ ಪೋರ್ಟ್ ಅನ್ನು ಎಷ್ಟು ಸಲ ಓದಿತೆಂದು ಲೆಕ್ಕ ಇಟ್ಟು ಉತ್ತರಿಸುತ್ತದೆ, ಸಿಪಿಯು ವೇಗಕ್ಕೂ ಸ್ಥಾನಕ್ಕೂ ಸಂಬಂಧ ಕಡಿದುಹೋಗುತ್ತದೆ. ಗೇಮ್‌ನೊಳಗೆ ಮತ್ತೆ ಕ್ಯಾಲಿಬ್ರೇಟ್ ಮಾಡಿ. ಕೆಲವು ಗೇಮ್‌ಗಳಿಗೆ ಟೈಮ್ಡ್ ಟ್ರೂ ಇದ್ದರೇ ಸರಿ. ಅಂಥಲ್ಲಿ ಸೈಕಲ್ಸ್ ಅನ್ನು ಫಿಕ್ಸ್ಡ್ ಎಂದು ಒಂದು ಸಂಖ್ಯೆಗೆ ಕಟ್ಟಿ, ಆಮೇಲೆ ಕ್ಯಾಲಿಬ್ರೇಟ್ ಮಾಡಿ, ಆಡುವಾಗ ಅದನ್ನು ಬದಲಿಸಬೇಡಿ.

ಸಣ್ಣ ವಾಲಿಕೆ ಅದಾದ ಮೇಲೂ ಉಳಿದರೆ ಅದು ಡೆಡ್‌ಝೋನ್‌ನ ಮಾತು. ಡಾಸ್‌ಬಾಕ್ಸ್ ಸ್ಟೇಜಿಂಗ್ ಎಂಬ ಹೊಸ ಕವಲಿನಲ್ಲಿ ಡೆಡ್‌ಝೋನ್ ಸೆಟ್ಟಿಂಗ್ ಇದೆ, ಮೊದಲಿಗೆ 10 ಇರುತ್ತದೆ. 15, 20ಕ್ಕೆ ಏರಿಸಿ ನೋಡಿ.

ಅದೇ ವಿಭಾಗದ ಜಾಯ್‌ಸ್ಟಿಕ್‌ಟೈಪ್ ಸಾಲು ಆಟೋ ಎಂದಿದ್ದರೆ ಒಂದೇ ಕಂಟ್ರೋಲರ್‌ಗೆ ನಾಲ್ಕು ಅಕ್ಷ ಸಿಗುತ್ತದೆ. ಎರಡೇ ಅಕ್ಷ ಬಲ್ಲ ಗೇಮ್ ಇದರಿಂದ ಗೊಂದಲಗೊಂಡರೆ 2ಆಕ್ಸಿಸ್ ಮಾಡಿ. ಥ್ರಾಟಲ್, ರಡರ್ ಇರುವ ವಿಮಾನ ಗೇಮ್‌ಗೆ 4ಆಕ್ಸಿಸ್ ಸರಿ; ಮೂರನೆಯ, ನಾಲ್ಕನೆಯ ಅಕ್ಷ ಅದಲುಬದಲಾಗಿದ್ದರೆ ಸ್ವಾಪ್34 ಟ್ರೂ ಮಾಡಿ. ಗೇಮ್ ಪೋರ್ಟ್‌ಗೆ ಒಟ್ಟು ನಾಲ್ಕೇ ಬಟನ್, ಅದೂ ಇಬ್ಬರು ಆಟಗಾರರಿಗೆ ಸೇರಿ. 1991ರ ಗ್ರಾವಿಸ್ ಗೇಮ್‌ಪ್ಯಾಡ್ ನಾಲ್ಕು ಬಟನ್ ಕೊಟ್ಟದ್ದು ಎರಡನೆಯ ಜಾಯ್‌ಸ್ಟಿಕ್‌ನ ತಂತಿಗಳನ್ನು ಎರವಲು ಪಡೆದು. ನಿಮ್ಮ ಕಂಟ್ರೋಲರ್‌ನ ಮಿಕ್ಕ ಬಟನ್‌ಗಳು ಹಾಳಾಗಬೇಕಿಲ್ಲ: ಬಟನ್‌ವ್ರ್ಯಾಪ್ ಎಂಬ ಸಾಲನ್ನು ಫಾಲ್ಸ್ ಮಾಡಿ, ಗೇಮ್ ಓಡುತ್ತಿರುವಾಗ ಕಂಟ್ರೋಲ್ ಮತ್ತು ಎಫ್1 ಒತ್ತಿ ಡಾಸ್‌ಬಾಕ್ಸ್‌ನದೇ ಮ್ಯಾಪರ್ ಪುಟ ತೆರೆಯಿರಿ. ಪರದೆಯ ಕೀಬೋರ್ಡ್‌ನಲ್ಲಿ ಬೇಕಾದ ಕೀ, ಉದಾಹರಣೆಗೆ ಲ್ಯಾಂಡಿಂಗ್ ಗೇರ್‌ನ ಜಿ, ಕ್ಲಿಕ್ ಮಾಡಿ, ಆ್ಯಡ್ ಕ್ಲಿಕ್ ಮಾಡಿ, ಕಂಟ್ರೋಲರ್‌ನ ಐದನೆಯ ಬಟನ್ ಒತ್ತಿ. ಎಲ್ಲ ಮುಗಿದ ಮೇಲೆ ಸೇವ್, ಆಮೇಲೆ ಎಕ್ಸಿಟ್. ಸೇವ್ ಮರೆತರೆ ಮುಂದಿನ ಸಲ ಎಲ್ಲವೂ ಹೋಗಿರುತ್ತದೆ. ಜಾಯ್‌ಸ್ಟಿಕ್ ಬೆಂಬಲವೇ ಇಲ್ಲದ ಡಾಸ್ ಗೇಮ್‌ಗೆ ಸ್ಟೇಜಿಂಗ್‌ನಲ್ಲಿ ಜಾಯ್‌ಸ್ಟಿಕ್‌ಟೈಪ್ ಅನ್ನು ಹಿಡನ್ ಎಂದಿಟ್ಟರೆ ಡಾಸ್‌ಗೆ ಜಾಯ್‌ಸ್ಟಿಕ್ ಕಾಣುವುದಿಲ್ಲ, ಮ್ಯಾಪರ್‌ಗೆ ಮಾತ್ರ ಕಾಣುತ್ತದೆ.

ಇನ್ನೆರಡು ಮಾತು. ಗೇಮ್ ಪ್ರೋಗ್ರಾಮ್ ಫೈಲ್ಸ್ ಫೋಲ್ಡರ್‌ನಲ್ಲಿದ್ದರೆ ಅದು ಬರೆಯುವ ಸೆಟ್ಟಿಂಗ್ ಫೈಲ್‌ಗಳನ್ನು ವಿಂಡೋಸ್ ಗುಟ್ಟಾಗಿ ನಿಮ್ಮ ಆ್ಯಪ್‌ಡೇಟಾದ ವರ್ಚುವಲ್‌ಸ್ಟೋರ್‌ಗೆ ತಿರುಗಿಸಬಹುದು. ನೀವು ಒಂದು ಐಎನ್‌ಐ ತಿದ್ದುತ್ತೀರಿ, ಗೇಮ್ ಇನ್ನೊಂದನ್ನು ಓದುತ್ತದೆ. ಹಳೆಯ ಗೇಮ್‌ಗಳನ್ನು ಸಿ ಡ್ರೈವ್‌ನಲ್ಲಿ ಗೇಮ್ಸ್ ಎಂಬ ಬೇರೆ ಫೋಲ್ಡರ್ ಮಾಡಿ ಅಲ್ಲಿಡಿ. ಆನ್‌ಲೈನ್‌ನಲ್ಲಿ ಇತರರೊಂದಿಗೆ ಆಡುವ, ಮೋಸ ತಡೆ ಇರುವ ಗೇಮ್‌ನ ಫೋಲ್ಡರ್‌ಗೆ ಯಾವ ಡಿಎಲ್‌ಎಲ್ ಕೂಡ ಹಾಕಬೇಡಿ, ಖಾತೆಯೇ ನಿಷೇಧವಾಗಬಹುದು.

ನೀವು ಮೊದಲು ಮಾಡಬೇಕಾದದ್ದು: ಎಕ್ಸ್‌ಬಾಕ್ಸ್ ಕಂಟ್ರೋಲರ್ ಒಂದನ್ನೇ ಕೇಬಲ್‌ನಲ್ಲಿ ಹಾಕಿ, ರೇಸ್ ಗೇಮ್‌ನ ಎಕ್ಸ್‌ಇ ಪಕ್ಕದಲ್ಲಿ ಕ್ಸಿಡಿಯ 32 ಬಿಟ್ ಡಿಎಲ್‌ಎಲ್ ಇಟ್ಟು, ಎಕ್ಸ್‌ಟೆಂಡೆಡ್‌ಗೇಮ್‌ಪ್ಯಾಡ್ ಆರಿಸಿ, ಎರಡು ಟ್ರಿಗರ್ ಒಟ್ಟಿಗೆ ಒತ್ತಿ ನೋಡಿ. ಕಾರು ಬ್ರೇಕ್ ಹಿಡಿದೇ ಚಕ್ರ ತಿರುಗಿಸತೊಡಗಿದರೆ ಕ್ಸಿಡಿ ಸರಿಯಾಗಿ ಕೂತಿದೆ. ಆಮೇಲೆ 1999ರ ಗೇಮ್‌ಗೆ ಹೋಗಿ.